ದೆಲ್ಫೀನಾಳ ಹದಿನೇಳನೆಯ ಉತ್ತರ

ದೆಲ್ಫೀನಾ ಕುಂಬಾಲ್ ಹಕ್ಕಿಯನ್ನು ತುಟಿಯಿಂದ ತೋರಿಸುತ್ತಾಳೆ. ನಮ್ಮ ಬೆಟ್ಟದೂರು ಚಾಕಪಂಬಾದಲ್ಲಿ ಎಲ್ಲರೂ ಹಾಗೆಯೇ. ಅಂಗಡಿ ಎಲ್ಲಿದೆ ಎಂದು ಕೇಳಿದರೆ ತುಟಿ ಚೂಪು ಮಾಡಿ ಆ ಕಡೆ ತಿರುಗಿಸುತ್ತೇವೆ. ಬೆರಳು ಮಾಡಿ ತೋರಿಸುವುದು ಕಳ್ಳನನ್ನು ಮಾತ್ರ. ದುರ್ಬೀನು ಹೊತ್ತು ದೂರದಿಂದ ಬಂದವರು ಮೊದಮೊದಲು ಮರ ಬಿಟ್ಟು ಅವಳ ಮುಖವನ್ನೇ ನೋಡುತ್ತಾರೆ, ಈ ಹೆಂಗಸು ನಮಗೇಕೆ ಮುತ್ತು ಕೊಡಲು ಬರುತ್ತಿದ್ದಾಳೆ ಎಂಬಂತೆ. ಎರಡನೆಯ ಹಕ್ಕಿಯ ಹೊತ್ತಿಗೆ ಕಲಿತುಬಿಡುತ್ತಾರೆ. ಇದನ್ನೇಕೆ ಹೇಳಿದೆ ಎಂದರೆ, ಅವಳ ಮಾರ್ಗದರ್ಶಿ ಪರೀಕ್ಷೆ ಮಾಡಿದ ಮಹಾಶಯರು ಈ ತುಟಿಯನ್ನೂ ಬಿಡಲಿಲ್ಲ. 'ಸನ್ನೆ ಅಶಿಸ್ತಿನದು' ಎಂದು ಕಾಗದದ ಅಂಚಿನಲ್ಲಿ ಬರೆದಿದ್ದರು. ಅದರಿಂದ ಅವಳೇನೂ ಮುಳುಗಲಿಲ್ಲ, ಆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಎಲಿಯೋದೋರೋ, ವ್ಯಾನ್ ಓಡಿಸುವವನು. ದೆಲ್ಫೀನಾಳ ಮಗಳ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ಕೂಸನ್ನು ಎತ್ತಿಕೊಂಡು ನಿಂತವನು ನಾನೇ. ಅವತ್ತಿನಿಂದ ನಾನು ಅವಳಿಗೆ ಕೊಂಪಾದ್ರೆ, ಅವಳು ನನಗೆ ಕೊಮಾದ್ರೆ. ಒಡಹುಟ್ಟಿದವರೊಂದಿಗೆ ಜಗಳವಾಡಬಹುದು, ಕೊಮಾದ್ರೆಯೊಂದಿಗೆ ಆಡುವಂತಿಲ್ಲ. ಹನ್ನೊಂದು ವರ್ಷಗಳಿಂದ ಇಬ್ಬರೂ ಸೇರಿ ಹಕ್ಕಿ ನೋಡುವವರನ್ನು ಕರೆದೊಯ್ಯುತ್ತಿದ್ದೇವೆ. ಬೆಳಕು ಹರಿಯುವಷ್ಟರಲ್ಲಿ ಕೆಳಗಿನ ಬಿಸಿಕಾಡಿನಲ್ಲಿರಬೇಕು. ಅಲ್ಲಿ ಬೆವರು ಕಣ್ಣಿಗಿಳಿಯುತ್ತದೆ, ತುಕಾನ್‌ಗಳು ದೊಡ್ಡ ಕೊಕ್ಕು ಎತ್ತಿ ಕೂಗುತ್ತವೆ. ಮಧ್ಯಾಹ್ನಕ್ಕೆ ಮಂಜಿನ ಕಾಡು. ಸಂಜೆಗೆ ಮರವೇ ಇಲ್ಲದ ಹುಲ್ಲುಬೆಟ್ಟ, ಅಲ್ಲಿ ಪೊಂಚೋ ಹೊದ್ದರೂ ಹಲ್ಲು ಕಟಕಟ ಎನ್ನುತ್ತದೆ. ಒಂದೇ ದಿನಕ್ಕೆ ಮೂರು ಹವೆ, ನೂರಿಪ್ಪತ್ತು ತಿರುವು, ನನ್ನ ಬ್ರೇಕಿಗೆ ದೇವರೇ ಗತಿ.

ಅವಳು ಕೆಲಸ ಮಾಡುವ ರೀತಿಯೇ ಬೇರೆ. ಬೇರೆ ಮಾರ್ಗದರ್ಶಿಗಳು ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ, ಡಬ್ಬಿಯಂಥ ಸ್ಪೀಕರಿನಿಂದ ಮತ್ತೆ ಮತ್ತೆ ಬಾರಿಸುತ್ತಾರೆ. ಪಾಪದ ಹಕ್ಕಿ, ಯಾವನೋ ತನ್ನ ಜಾಗಕ್ಕೆ ನುಗ್ಗಿದನೆಂದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಫೋಟೋ ತೆಗೆದುಕೊಂಡು ಇವರು ಹೊರಟುಬಿಡುತ್ತಾರೆ. ದೆಲ್ಫೀನಾ ಬಂದವರನ್ನೆಲ್ಲ ಬಿದ್ದ ಮರದ ಮೇಲೆ ಸಾಲಾಗಿ ಕೂರಿಸಿ, ಕೈಗೆ ಒಂದೊಂದು ಬಾಳೆಕಾಯಿ ಉಂಡೆ ಕೊಡುತ್ತಾಳೆ. ಬೆಂದ ಬಾಳೆಕಾಯಿ ಅರೆದು ನಡುವೆ ಚೀಸ್ ಇಟ್ಟದ್ದು. ಬಾಯಿಗೆ ಕೆಲಸ ಕೊಟ್ಟರೆ ಸುಮ್ಮನಿರುತ್ತಾರೆ ಎನ್ನುತ್ತಾಳೆ. ಆಮೇಲೆ ಒಂದೇ ಒಂದು ಸಲ ಸಿಳ್ಳೆ ಹಾಕಿ ಕಾಯುತ್ತಾಳೆ. ಬಂದರೆ ಬಂತು. ಬಾರದಿದ್ದರೆ ಅದಕ್ಕೂ ಮನೆಗೆಲಸ ಇರುತ್ತದಲ್ಲ ಎಂದು ಎದ್ದುಬಿಡುತ್ತಾಳೆ.

ಈ ಸಿಳ್ಳೆ ಅವಳ ಅಪ್ಪನದು. ದೋನ್ ಲೆಯೋವಿಹಿಲ್ದೋ ಕುಂಬಾಲ್, ಹೇಸರಗತ್ತೆ ಹೊಡೆಯುವವರು. ರಸ್ತೆ ಇಲ್ಲದ ಕಾಲದಲ್ಲಿ ನಾರಂಹಿಯಾ ಹಣ್ಣಿನ ಪೆಟ್ಟಿಗೆಗಳನ್ನು ಕತ್ತೆಗಳ ಮೇಲೆ ಹೇರಿಕೊಂಡು ಮಂಜಿನ ಕಾಡು ದಾಟುತ್ತಿದ್ದರು. ಒಂಬತ್ತು ವರ್ಷದವಳಿದ್ದಾಗಿನಿಂದ ದೆಲ್ಫೀನಾ ಅವರ ಹಿಂದೆ ನಡೆದವಳು. ಆ ದಾರಿಯಲ್ಲಿ ಒಂದು ಹಕ್ಕಿ ಇದೆ, ನಾವು ಮಂಜುಕೋಳಿ ಎನ್ನುತ್ತೇವೆ. ಕೋಳಿಯೇನಲ್ಲ. ಗುಂಡು ಮೈ, ಇಲ್ಲವೆನ್ನುವಷ್ಟು ಬಾಲ, ಉದ್ದ ಕಾಲು. ನೆಲದ ಮೇಲೇ ಓಡಾಡುತ್ತದೆ, ಕಣ್ಣಿಗೆ ಬೀಳುವುದೇ ಅಪರೂಪ. ಐದು ಸ್ವರ, ಒಂದೇ ಉಸಿರಿಗೆ. ದೋನ್ ಲೆಯೋವಿಹಿಲ್ದೋ ದಾರಿಯುದ್ದಕ್ಕೂ ಅದಕ್ಕೆ ಸಿಳ್ಳೆಯಲ್ಲೇ ಉತ್ತರ ಕೊಡುತ್ತಿದ್ದರು. ಆದರೆ ಮೊರೆನಾ ಎಂಬ ಹೇಸರಗತ್ತೆ ಒದ್ದು ಅವರ ಮುಂದಿನ ಎರಡು ಹಲ್ಲು ಹೋಗಿದ್ದವು. ಮೂರು ಸ್ವರಕ್ಕೇ ಗಾಳಿ ಸೋರಿಹೋಗುತ್ತಿತ್ತು. ಒಂದು ಚಿಕ್ಕ ಉಸಿರೆಳೆದು ಉಳಿದ ಎರಡನ್ನು ಮುಗಿಸುತ್ತಿದ್ದರು. ಹಕ್ಕಿಗಳು ಬೇಸರ ಮಾಡಿಕೊಳ್ಳದೆ ಉತ್ತರಿಸುತ್ತಿದ್ದವು.

ಅವರು ಎದೆನೋವಿನಿಂದ ಹೋಗಿ ಹನ್ನೆರಡು ವರ್ಷವಾಯಿತು. ಉಳಿದದ್ದು ಗುರುತಿನ ಚೀಟಿಯ ಮೇಲಿನ ಉಗುರಿನಷ್ಟು ಫೋಟೋ ಒಂದೇ. ದನಿಯನ್ನು ಹಿಡಿದಿಡುವ ಯಂತ್ರ ಆಗ ನಮ್ಮ ಯಾರ ಮನೆಯಲ್ಲಿತ್ತು? ಅಪ್ಪ ಮಾತಾಡುತ್ತಿದ್ದ ರೀತಿ ನೆನಪಿದೆ, ದನಿ ಮಾತ್ರ ಮರೆತುಹೋಗುತ್ತಿದೆ ಎಂದು ದೆಲ್ಫೀನಾ ಒಮ್ಮೆ ವ್ಯಾನಿನಲ್ಲಿ ಹೇಳಿದ್ದಳು. ನಾನು ಏನೋ ಹೂಂ ಅಂದು ಗೇರ್ ಬದಲಿಸಿದ್ದೆ.

ಹೋದ ವರ್ಷ ಹೊಸ ಕಾನೂನು ಬಂತು. ಮಾರ್ಗದರ್ಶಿಗಳ ಒಕ್ಕೂಟದ ಬ್ಯಾಡ್ಜ್ ಕುತ್ತಿಗೆಯಲ್ಲಿ ಇಲ್ಲದವರು ಯಾರನ್ನೂ ಕಾಡಿನೊಳಗೆ ಕರೆದೊಯ್ಯುವಂತಿಲ್ಲ. ಬೇಕಿದ್ದರೆ ಬ್ಯಾಡ್ಜ್ ಇದ್ದವರ ಹಿಂದೆ ಚೀಲ ಹೊತ್ತು ನಡೆಯಬಹುದಂತೆ. ಹೇಗಿದೆ ನ್ಯಾಯ? ಅವಳ ಅಪ್ಪನ ಕತ್ತೆಗಳು ತುಳಿದು ಮಾಡಿದ ದಾರಿ ಅದು. ಅದೇ ದಾರಿಯಲ್ಲಿ ನಿನ್ನೆ ಮೊನ್ನೆ ಬೂಟು ಕೊಂಡ ಪೇಟೆ ಹುಡುಗರ ಹಿಂದೆ ಅವಳು ಚೀಲ ಹೊರಬೇಕು! ಪರೀಕ್ಷೆಗೆ ಕೂರು ಎಂದು ಹಟ ಹಿಡಿದವನು ನಾನು. ಪುಸ್ತಕದಲ್ಲಿರುವ ಹಕ್ಕಿಗಳ ಹೆಸರನ್ನು ನಾಲ್ಕು ತಿಂಗಳು ಮಗಳು ಓದಿ ಹೇಳಿದಳು, ಅಮ್ಮ ಪಾತ್ರೆ ತಿಕ್ಕುತ್ತ ಬಾಯಿಪಾಠ ಮಾಡಿದಳು.

ಜಿಲ್ಲಾ ಪಟ್ಟಣದ ಕಚೇರಿಯಲ್ಲಿ ಪರೀಕ್ಷೆ. ನಡೆಸಿದವನು ಇಂಜಿನಿಯರ್ ಇತುರಾಲ್ದೆ. ನಮ್ಮಲ್ಲಿ ಕಚೇರಿಯ ಕುರ್ಚಿ ಸಿಕ್ಕವರೆಲ್ಲ ಇಂಜಿನಿಯರೇ. ಇವನು ಏನನ್ನು ಕಟ್ಟಿದ್ದನೋ ದೇವರಿಗೇ ಗೊತ್ತು. ಮೂವತ್ತು ಕೂಗುಗಳನ್ನು ಒಂದೊಂದಾಗಿ ಕೇಳಿಸುತ್ತಾನೆ, ಪ್ರತಿಯೊಂದಕ್ಕೂ ಹಕ್ಕಿಯ ಹೆಸರು ಬರೆಯಬೇಕು, ಇಪ್ಪತ್ತೇಳು ಸರಿ ಇದ್ದರೆ ಪಾಸು. ನಾನು ಹೊರಗೆ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಒಳಗಿನಿಂದ ಕೂಗು ಕೇಳುತ್ತಿತ್ತು, ಅವಳ ಪೆನ್ಸಿಲ್ಲು ಓಡುತ್ತಿತ್ತು. ಹದಿನೇಳನೆಯದಕ್ಕೆ ನಿಂತಿತು.

ಬಗ್ಗಿ ನೋಡಿದೆ. ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ಕೂತಿದ್ದಾಳೆ, ಮುಖ ಬಿಳಿಚಿದೆ. ಮೈ ಸರಿಯಿಲ್ಲವೇನೋ ಅಂದುಕೊಂಡೆ. ಆಮೇಲೆ ಏನೋ ಬರೆದಳು, ಉಳಿದದ್ದನ್ನೂ ಮುಗಿಸಿದಳು.

ಮಧ್ಯಾಹ್ನ ಫಲಿತಾಂಶ ಅಂಟಿಸಿದರು. ಇಪ್ಪತ್ತಾರು. ಮೂರು ಕಡೆ ಪುಸ್ತಕದ ಹೆಸರು ಅದಲು ಬದಲಾಗಿತ್ತು, ಅದು ಒಪ್ಪಬೇಕಾದದ್ದೇ. ನಾಲ್ಕನೆಯ ತಪ್ಪು ಹದಿನೇಳು. ಸರಿಯುತ್ತರ ಮಂಜುಕೋಳಿಯಂತೆ. ಆ ಜಾಗದಲ್ಲಿ ಅವಳು ಬರೆದದ್ದು: 'ಇದು ಹಕ್ಕಿಯಲ್ಲ. ಇದು ನನ್ನ ಅಪ್ಪ.' ಅದರ ಸುತ್ತ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಸುತ್ತಿ, ಪಕ್ಕದಲ್ಲಿ ಒಂದು ಆಶ್ಚರ್ಯದ ಚಿಹ್ನೆ ಹಾಕಿದ್ದರು. ಗುಮಾಸ್ತರು ಆ ಕಾಗದವನ್ನು ಕೈಯಿಂದ ಕೈಗೆ ದಾಟಿಸಿ ನಗುತ್ತಿದ್ದರು. ಬೆಟ್ಟದ ಹೆಂಗಸಿಗೆ ಮೊಟ್ಟೆಯಿಂದ ಹುಟ್ಟಿದ ಅಪ್ಪನಂತೆ ಎಂದು ಒಬ್ಬ ಅಂದದ್ದು ನನ್ನ ಕಿವಿಗೇ ಬಿತ್ತು. ಅವನ ಕೊರಳಪಟ್ಟಿ ಹಿಡಿಯಲು ಹೋದವನನ್ನು ಅವಳೇ ತಡೆದಳು.

"ಕೊಂಪಾದ್ರೆ, ಅದನ್ನ ಇನ್ನೊಂದ್ಸಲ ಹಾಕ್ತಾರಾ ಕೇಳಿ ನೋಡಿ" ಅಂದಳು. "ಮೂರಾದ್ಮೇಲೆ ಉಸಿರು ತಗೊಂಡ್ರು. ಅಪ್ಪನೇ. ಇನ್ನೊಂದೇ ಸಲ ಕೇಳಿದ್ರೆ ಸಾಕು ನಂಗೆ."

ನಾನೇನು ಹೇಳಿದೆ ಗೊತ್ತೇ? ಇವತ್ತು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. "ಮೊದ್ಲು ಬ್ಯಾಡ್ಜು ಕೊಮಾದ್ರೆ, ಆಮೇಲೆ ಅಪ್ಪ" ಅಂದೆ.

ಅಲ್ಲೇ ತಕರಾರು ಅರ್ಜಿ ಬರೆಸಿದೆ. ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಇದೆ, ಆಗ ಕೂತರಾಯಿತು, ಈಗ ಸುಮ್ಮನೆ ಹೋಗಿ ಅವರಲ್ಲಿ ಆ ದನಿಯ ಒಂದು ಪ್ರತಿ ಬೇಡಿಕೊಳ್ಳೋಣ ಎಂದು ಅವಳು ಗೋಗರೆದಳು. ನಾನು ಕೇಳಬೇಕಲ್ಲ! ಮೊಟ್ಟೆಯ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ಇವರಿಗೆ ಬುದ್ಧಿ ಕಲಿಸದೆ ಬಿಡುವುದಿಲ್ಲ ಎಂದು ಹಾರಾಡಿದೆ. ಅವಳು ಸಹಿ ಹಾಕಿದಳು.

ವಿಚಾರಣೆಯ ದಿನ ಮೇಜಿನ ಹಿಂದೆ ಮೂವರು. ಮಾತಾಡಿದವನು ಇತುರಾಲ್ದೆ ಒಬ್ಬನೇ. ಇಪ್ಪತ್ತು ವರ್ಷದ ಹಿಂದೆ ಹೊರದೇಶದ ಒಬ್ಬ ಸಂಶೋಧಕರು ಧ್ವನಿಮುದ್ರಿಸಿಕೊಂಡ ಕೂಗು ಇದು, ಅಂಥವರು ತಪ್ಪುವುದುಂಟೇ ಎಂದ. ದೆಲ್ಫೀನಾ ಮೆಲ್ಲಗೆ ವಿವರಿಸಿದಳು. ಆ ಸಂಶೋಧಕ ಮುದುಕನನ್ನು ಚಿಕ್ಕವಳಿದ್ದಾಗ ಅವಳು ಕಂಡಿದ್ದಳು. ಅವರು ಚೀಲದಿಂದ ಯಂತ್ರ ತೆಗೆದು, ಚಾಲೂ ಮಾಡಿ, ಮರದ ಬುಡದಲ್ಲಿಟ್ಟು ಡೇರೆಗೆ ಹೋಗಿ ಮಲಗುತ್ತಿದ್ದರು. ಮಂಜಿನಲ್ಲಿ ಅಪ್ಪ ಆ ದಾರಿಯಲ್ಲೇ ಕತ್ತೆ ಹೊಡೆದುಕೊಂಡು ಬರುತ್ತಿದ್ದರು. ಯಂತ್ರ ಕೇಳಿಸಿಕೊಂಡಿತು, ಮುದುಕ ನೋಡಲಿಲ್ಲ. ಮಂಜುಕೋಳಿ ಐದು ಸ್ವರದ ನಡುವೆ ಉಸಿರೆಳೆಯುವುದಿಲ್ಲ ಎಂದು ಹೇಳಿ, ಎರಡು ರೀತಿಯಲ್ಲೂ ಸಿಳ್ಳೆ ಹಾಕಿ ತೋರಿಸಿದಳು. ಇಂಜಿನಿಯರ್ ಗಡಿಯಾರ ನೋಡಿಕೊಂಡ.

ಅವಳ ಬಾಯಿ ಮುಚ್ಚಿಸಲೆಂದೇ ಅವನು ಆ ಮುದ್ರಣವನ್ನು ಪೂರ್ತಿ ಹಾಕಿದ. ಪರೀಕ್ಷೆಯಲ್ಲಿ ಕೇಳಿಸಿದ್ದು ಬರೀ ಹತ್ತು ಸೆಕೆಂಡಿನ ತುಂಡು, ಉಳಿದದ್ದನ್ನು ಅವರಲ್ಲಿ ಯಾರೂ ಕೇಳುವ ಗೋಜಿಗೇ ಹೋಗಿರಲಿಲ್ಲ. ಮೂರು ಸ್ವರ, ಉಸಿರು, ಎರಡು ಸ್ವರ. ಎಲೆಯಿಂದ ನೀರು ತೊಟ್ಟಿಕ್ಕುವ ಸದ್ದು. ದೂರದಿಂದ ನಿಜವಾದ ಮಂಜುಕೋಳಿಯ ಉತ್ತರ. ಮತ್ತೆ ಸಿಳ್ಳೆ. ಆಮೇಲೆ ಕೆಸರಿನಲ್ಲಿ ಗೊರಸಿನ ಸಪ್ಪಳ, ಹತ್ತಿರ ಹತ್ತಿರ ಬಂತು. ಹಿಂದೆಯೇ ಒಬ್ಬ ಗಂಡಸಿನ ದನಿ, ಮುಂದಿನ ಹಲ್ಲಿಲ್ಲದ ಬಾಯಿಯಿಂದ, ಸಮಾಧಾನವಾಗಿ:

"ನಡಿಯೇ ಮೊರೆನಾ, ನಿಲ್ಬೇಡ. ಮನೇಲಿ ಮಗೂ ಕಾಯ್ತಾ ಇರ್ತದೆ."

ನನಗಂತೂ ಕುಣಿಯಬೇಕು ಅನ್ನಿಸಿತು, ಇತುರಾಲ್ದೆಯ ಮುಖ ನೋಡಬೇಕಿತ್ತು ನೀವು, ಹುಳಿ ಹಣ್ಣು ಕಚ್ಚಿದವನ ಹಾಗೆ. ಗೆದ್ದೆವಲ್ಲ ಎಂದು ದೆಲ್ಫೀನಾಳ ಕಡೆ ತಿರುಗಿದೆ. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಆ ಯಂತ್ರವನ್ನೇ ನೋಡುತ್ತಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು. ಇನ್ನೊಮ್ಮೆ ಹಾಕಿ ಎಂದು ಕೇಳಿದಳು. ಮಂಡಳಿಗೆ ಬೇಕಾದದ್ದು ತಿಳಿದಾಯಿತು, ನಿರ್ಧಾರವನ್ನು ಪತ್ರದ ಮೂಲಕ ತಿಳಿಸುತ್ತೇವೆ ಎಂದು ಅವನು ಯಂತ್ರ ಮುಚ್ಚಿದ. ನಾನೂ ಅವಳ ಮೊಣಕೈ ಹಿಡಿದು ಹೊರಗೆ ಕರೆತಂದೆ. ಬ್ಯಾಡ್ಜ್ ಕೈಗೆ ಬರುವ ಮುಂಚೆ ಅವರನ್ನು ಕೆಣಕುವುದು ಬೇಡ ಎಂಬ ನನ್ನ ಲೆಕ್ಕಾಚಾರ.

ಹದಿನೈದು ದಿನಕ್ಕೆ ಬ್ಯಾಡ್ಜ್ ಬಂತು. ಮರುದಿನವೇ ಮಗಳ ಫೋನಿನಲ್ಲಿದ್ದ ಹಾಡುಗಳನ್ನೆಲ್ಲ ಅಳಿಸಿ, ಜಾಗ ಮಾಡಿಕೊಂಡು, ಭಾನುವಾರದ ಬಟ್ಟೆ ಉಟ್ಟು ದೆಲ್ಫೀನಾ ನನ್ನ ವ್ಯಾನ್ ಹತ್ತಿದಳು.

ಇತುರಾಲ್ದೆ ನಗುನಗುತ್ತ ಕೂರಿಸಿದ. ಅವಳಿಗೆ ಕೃತಜ್ಞತೆ ಹೇಳಿದ, ನಿಮ್ಮಂಥವರಿಂದಲೇ ನಮ್ಮ ಸಂಗ್ರಹ ಶುದ್ಧವಾಗುವುದು ಎಂದ. ಅವಳು ಫೋನನ್ನು ಮೇಜಿನ ಮೇಲಿಟ್ಟು, ಅದರೊಳಗೆ ಹಾಕಿಕೊಡಿ ಎಂದಳು. ಅವನು ಅದನ್ನೂ ನಗುತ್ತಲೇ ಹೇಳಿದ. ತಪ್ಪು ಮುದ್ರಣ ಇನ್ಯಾರಿಗೂ ತೊಂದರೆ ಕೊಡಬಾರದೆಂದು ವಿಚಾರಣೆಯ ಸಂಜೆಯೇ ಅಳಿಸಿಹಾಕಿದ್ದಾರೆ. ಮೂಲ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಿದ ವರ್ಷವೇ ಕಸಕ್ಕೆ ಹಾಕಿಯಾಗಿದೆ. ಸಂಶೋಧಕರೂ ತೀರಿಕೊಂಡಿದ್ದಾರೆ. ಹಕ್ಕಿಯಲ್ಲದ್ದನ್ನು ಹಕ್ಕಿಗಳ ಸಂಗ್ರಹದಲ್ಲಿ ಇಟ್ಟುಕೊಂಡು ಏನು ಮಾಡುವುದು, ನೀವೇ ಹೇಳಿ ಎಂದ.

ಇಪ್ಪತ್ತು ವರ್ಷ ಅದು ಅಲ್ಲಿ ಕ್ಷೇಮವಾಗಿತ್ತು. ಯಾರೂ ಮುಟ್ಟಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಇವತ್ತೂ ಇರುತ್ತಿತ್ತು.

ದೆಲ್ಫೀನಾ ಕುತ್ತಿಗೆಯಿಂದ ಬ್ಯಾಡ್ಜ್ ತೆಗೆದು ಅವನ ಮುಂದಿಟ್ಟಳು.

"ಇಂಜಿನಿಯರ್, ನಂದೇ ತಪ್ಪು ಅಂತ ಬರ್ಕೊಳ್ಳಿ" ಅಂದಳು. "ಅದು ಹಕ್ಕೀನೇ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ವಾಪಸ್ ಇಟ್ಬಿಡಿ ಅದನ್ನ."

ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಸೆನ್ಯೋರಾ, ನೀವು ಸರಿಯಾಗೇ ಹೇಳಿದ್ರಲ್ಲ" ಎಂದ. ಬ್ಯಾಡ್ಜನ್ನು ಅವಳ ಕಡೆಗೇ ತಳ್ಳಿ, ಬಾಗಿಲಲ್ಲಿ ನಿಂತಿದ್ದ ಮುಂದಿನವನನ್ನು ಒಳಗೆ ಕರೆದ.