ಹೆಂಗಸರ ಬೆಂಚಿನಾಗ ನಾ ಹೇಳಿದ ಕತಿ

ಎರಡನೇ ಮಹಾಯುದ್ಧ ಮುಗಿದ ಮ್ಯಾಲೆ ಬಳ್ಳಾರಿಗೆ ಬಂದ ಹಿಂದಿ ಸಿನಿಮಾಗಳು ನನಗ ಸೇರತಿರಲಿಲ್ಲ. ಸೇರತಿರಲಿಲ್ಲ ಅಂದ್ರ ಸಣ್ಣ ಮಾತಾತು, ಮೈ ಉರೀತಿತ್ತು. ಮದುವಿಯಾಗಿ ಸಿರುಗುಪ್ಪದಿಂದ ಬಳ್ಳಾರಿಗೆ ಬಂದ ಹೊಸತರಾಗ ನೋಡಿದ ಸಿನಿಮಾದಾಗ ಹೆಂಗಸರು ಎದುರು ನಿಂತು ಮಾತಾಡತಿದ್ರು. ತಪ್ಪಾದ್ರ ತಪ್ಪು ಅಂತಿದ್ರು, ಊರ ಸಾಹುಕಾರ ಆದ್ರೂ ಬಿಡತಿರಲಿಲ್ಲ. ಆಮ್ಯಾಲೆ ಅದೇನಾತೋ, ಅದೇ ಹೆಂಗಸರು ಬರೇ ಅಳಾಕ ಹತ್ತಿದ್ರು. ಒಂದು ಹಾಡು, ಒಂದು ಅಳು. ಗಂಡ ಒದ್ರ ಆ ಕಾಲು ಹಿಡೀತಾಳ, ಬಿಟ್ಟು ಹೋದ್ರ ಅವನ ಫೋಟೋದ ಮುಂದ ದೀಪ ಹಚ್ಚತಾಳ, ಕಡೀಕ ಕೆಮ್ಮಿ ಕೆಮ್ಮಿ ಸಾಯತಾಳ. ನೋಡಿ ಬಂದ ದಿನ ರೊಟ್ಟಿ ತಟ್ಟಿದ್ರ ಸುತ್ತಲಿನ ಮನಿಗೆಲ್ಲ ಸದ್ದು ಕೇಳತಿತ್ತು.

ಸೇರಲಿಲ್ಲ ಅಂದ್ರ ಹೋಗೂದು ಬಿಡಬೇಕಿತ್ತು ಅಂತ ಅಂತೀರಿ. ಬಿಡಾಕ ಬರತಿರಲಿಲ್ಲ, ಯಾಕಂದ್ರ ಹೆಂಗಸರ ಬೆಂಚಿನಾಗ ಅರ್ಥ ಹೇಳಾಕಿ ನಾನ. ಟಾಕೀಜಿನ ಒಂದು ಮಗ್ಗಲಿಗೆ ಹೆಂಗಸರಿಗೆ ಅಂತ ನಾಕಾರು ಬೆಂಚು, ಮುಂದ ಒಂದು ಪರದಿ. ಲೈಟು ಆರಿದ ಮ್ಯಾಲೆ ಪರದಿ ಸರಸತಿದ್ರು. ಅಲ್ಲಿ ಕುಂತವರಿಗೆ ಕನ್ನಡ ಬರತಿತ್ತು, ತೆಲುಗು ಬರತಿತ್ತು, ಹಿಂದಿ ಬರತಿರಲಿಲ್ಲ. ನಮ್ಮ ಮನಿ ಮಾತೂ ಕನ್ನಡನ, ಆದ್ರ ನಮ್ಮ ನಾನಿ ಉರ್ದು ಕಲಿಸಿದ್ಲು. ಅದು ಹೆಂಗೋ ಗೊತ್ತಾಗಿ ನನ್ನ ನಟ್ಟನಡು ಕುಂದ್ರಸತಿದ್ರು. ನಾ ಸಣ್ಣ ದನಿಲೆ ಕನ್ನಡದಾಗ ಹೇಳಿದ್ರ ಬೆಂಚಿನ ತುದಿಗೆ ಕುಂತ ಒಬ್ಬಾಕಿ ಅದನ್ನ ತೆಲುಗು ಮಾಡಿ ಹಿಂದಿನ ಸಾಲಿಗೆ ದಾಟಸತಿದ್ಲು. ಹಿಂದಿನವರು ನಗೂದು, ಅಳೂದು ಎಲ್ಲಾ ಒಂದು ಗಳಿಗಿ ತಡ. ನನಗ ಅಂತ ಯಾರರ ಒಗ್ಗರಣಿ ಮಂಡಕ್ಕಿ ಕಟ್ಟಿಕೊಂಡು ಬಂದಿರತಿದ್ರು.

ನಮ್ಮನಿಯವರು ಕೌಲ್ ಬಜಾರದಾಗ ಟೇಲರು. ಅವರದು ತಕರಾರಿರಲಿಲ್ಲ, ತಕರಾರು ಅತ್ತಿದು. ದರ್ಗಾಕ್ಕ ಹೋಗಿ ಬರತೀನಿ ಅಂತ ಹೇಳಿ ಹೊರಡತಿದ್ದೆ. ಸುಳ್ಳೇನಲ್ಲ. ದರ್ಗಾಕ್ಕ ಹೋಗಿ ಸಕ್ಕರಿ ಮ್ಯಾಲೆ ಫಾತೆಹಾ ಓದಿಸಿಕೊಂಡು, ಆಮ್ಯಾಲೆ ಮಧ್ಯಾಹ್ನದ ಆಟಕ್ಕ ಹೋಗತಿದ್ದೆ. ಆ ಸಕ್ಕರಿ ಬಾಯಿಗೆ ಹಾಕ್ಕೊಂಡು ಅತ್ತಿ ದುವಾ ಮಾಡೂ ಹೊತ್ತಿನ್ಯಾಗ ಅವರ ಮಾರಿ ನೋಡಾಕ ಆಗತಿರಲಿಲ್ಲ.

ನನ್ನ ಸಂಗಾಟ ತಪ್ಪದ ಬರಾಕಿ ಅಂದ್ರ ನಮ್ಮ ಎದುರು ಮನಿಯಾಕಿ. ದೇಶನೂರಿನ ಹೆಣ್ಣು, ಕುರುಗೋಡಿಗೆ ಕೊಟ್ಟಿದ್ರು. ಗಂಡ ಬಳ್ಳಾರಿ ಹತ್ತಿ ಬಿಡಿಸೂ ಜಿನ್ನಿನಾಗ ಕೆಲಸಕ್ಕ ಇದ್ದುದರಿಂದ ನಮ್ಮ ಓಣ್ಯಾಗ ಬಾಡಿಗಿ ಮನಿ ಮಾಡಿದ್ರು. ನನಗಿಂತ ಸಣ್ಣಾಕಿ, ನಮ್ಮವರು ಅಕ್ಕಗ ಅನ್ನೂವಂಗ ಆಪಾ ಅಂತ ಕರೀತಿದ್ಲು. ನಮ್ಮ ಮನಿ ನೀರು ಕುಡೀತಿರಲಿಲ್ಲ, ಆದ್ರ ಟಾಕೀಜಿನ್ಯಾಗ ನನ್ನ ಮಗ್ಗಲ ಬಿಟ್ಟು ಬ್ಯಾರೆ ಕಡಿ ಕುಂದ್ರತಿರಲಿಲ್ಲ. ತೆರಿ ಮ್ಯಾಲೆ ಏನಾರ ಆದ್ರ ನನ್ನ ಮೊಣಕೈ ಜಗ್ಗಿ, ಏನಂದ್ಲು ಆಪಾ, ಏನಂದ್ಲು, ಅಂತ ಕೇಳತಿದ್ಲು. ನಾ ಹೇಳೂ ತನಕಾ ಉಸಿರು ಬಿಡತಿರಲಿಲ್ಲ.

ಮದುವಿಯಾಗಿ ಎಷ್ಟೋ ವರ್ಷ ಆದ್ರೂ ಆಕಿಗೆ ಮಕ್ಕಳಾಗಲಿಲ್ಲ. ಕುರುಗೋಡಿನ್ಯಾಗ ಇದ್ದ ಅತ್ತಿ ಮಗನಿಗೆ ಇನ್ನೊಂದು ಮಾಡಬೇಕಂತ ಸಿರಿಗೇರಿ ಕಡಿ ಹೆಣ್ಣು ನೋಡಿದ್ಲು. ಗಂಡ ಮೆತ್ತನ್ನ ಮನುಷ್ಯಾ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೆಣ್ಣಿನ ಕಡೇವರು ಮಾತ್ರ ಒಂದು ಮಾತು ಹಾಕಿದ್ರು. ಮೊದಲ್ನೇ ಹೇಂತಿ ತಾನ ಮುಂದ ನಿಂತು, ತನ್ನ ಕೈಯಾರೆ ಹುಡುಗಿ ಹಣಿಗೆ ಕುಂಕುಮ ಹಚ್ಚಿ ಒಳಗ ಕರಕೋಬೇಕು, ಇಲ್ಲಾಂದ್ರ ಕೊಡಂಗಿಲ್ಲ. ಆಗಿನ ಕಾಲಕ್ಕ ಆ ಕಡಿ ಹಂಗ ನಡೀತಿತ್ತು. ನಾಳೆ ಕಣ್ಣೀರಿನ ಶಾಪ ತಗಲಬಾರದು ಅಂತ ಮೊದಲಾಕಿ ಕೈಲೇ ಒಪ್ಪಿಗಿ ತಗೋತಿದ್ರು.

ಆಕಿ ನನ್ನ ಕಟ್ಟಿ ಮ್ಯಾಲೆ ಕುಂತು ಕೇಳಿದ್ಲು: “ನೀವಾಗಿದ್ರ ಏನ ಮಾಡತಿದ್ರಿ ಆಪಾ? ಕುಂಕುಮ ಹಚ್ಚಿ ಅಲ್ಲೇ ಬಿದ್ದಿರತಿದ್ರೇನು?”

“ನನಗೇನು ಗೊತ್ತಾಗತೈತವ್ವಾ, ನಿಮ್ಮ ಹಿರ್ಯಾರನ್ನ ಕೇಳು,” ಅಂದೆ. ಒಳಗ ಒಂದಿತ್ತು, ಬಾಯಿಗೆ ಬಂದದ್ದು ಇನ್ನೊಂದು. ಬ್ಯಾರೆಯವರ ಮನಿ ಮುರಿದ್ಲು ಅಂತ ಓಣ್ಯಾಗ ಅನಿಸಿಕೊಳ್ಳಾಕ ನನಗ ಧೈರ್ಯ ಇರಲಿಲ್ಲ. ಆಕಿ ಇನ್ನೊಂದು ಸಲ ಕೇಳಲಿಲ್ಲ, ಸೆರಗು ಝಾಡಿಸಿಕೊಂಡು ಎದ್ದು ಹೋದ್ಲು.

ಅದೇ ಹೊತ್ತಿಗೆ ಆ ಸಿನಿಮಾ ಬಂತು. ಯಾವ ನಸೀಬೋ, ಅದೂ ಮಕ್ಕಳಿಲ್ಲದ ಹೆಂಗಸಿನ ಕತಿ. ಎಂಥಾ ಕತಿ ಅಂತ ಗೊತ್ತಿದ್ರ ಆಕಿನ್ನ ಕರಕೊಂಡು ಹೋಗತಿರಲಿಲ್ಲ. ತೆರಿ ಮ್ಯಾಲೆ ಎರಡನೇ ಮದುವಿ ನಡೀತು. ಮೊದಲಾಕಿ ಹೊಸ ಮದುಮಗಳಿಗೆ ಸೀರಿ ಉಡಸಿದ್ಲು, ಹಣಿಗೆ ಕುಂಕುಮ ಹಚ್ಚಿದ್ಲು, ಹೋಗಿ ಗಂಡನ ಕಾಲಿಗೆ ಬಿದ್ಲು. ಬಿದ್ದು ಒಂದು ಮಾತು ಅಂದ್ಲು. ಬೆಂಚಿನ ಹೆಂಗಸರೆಲ್ಲ ಆಗಲೇ ಅಳಕೊಂತ ಮೂಗು ಏರಿಸಾಕ ಹತ್ತಿದ್ರು. ಎದುರು ಮನಿಯಾಕಿ ನನ್ನ ಕೈ ಹಿಡಿದಿದ್ಲು.

“ಏನಂದ್ಲು ಆಪಾ?”

ನನಗ ಎಲ್ಲಿತ್ತೋ ಸಿಟ್ಟು. ಆ ಸಿನಿಮಾದವರ ಮ್ಯಾಲೆ, ಕುರುಗೋಡಿನ ಅತ್ತಿ ಮ್ಯಾಲೆ, ಕಟ್ಟಿ ಮ್ಯಾಲೆ ಕುಂತು ಬಾಯಿ ಮುಚ್ಚಿಕೊಂಡಿದ್ದ ನನ್ನ ಮ್ಯಾಲೆ. ನಾ ಹೇಳಿದೆ: “ಈ ಮನಿ ನಿನಗ ಬಿಟ್ಟುಕೊಟ್ಟೀನಿ ತಂಗಿ, ಚೆಂದಾಗಿ ಬಾಳು. ಮೂಲ್ಯಾಗ ಬಿದ್ದಿರೂ ಹೆಣ್ಣು ನಾ ಅಲ್ಲ, ಹೊಂಟೆ, ಅನ್ನಾಕ ಹತ್ಯಾಳ.”

ಬೆಂಚಿನ್ಯಾಗ ಅಳು ನಿಂತಿತು. ತುದಿಯಾಕಿ ಅದನ್ನ ತೆಲುಗು ಮಾಡಿ ದಾಟಿಸಿದ ಮ್ಯಾಲೆ ಹಿಂದಿನ ಸಾಲಿನ್ಯಾಗೂ ನಿಂತಿತು.

“ಮತ್ತ ಕಾಲಿಗೆ ಯಾಕ ಬಿದ್ದಾಳ?” ಅಂದ್ಲು ಎದುರು ಮನಿಯಾಕಿ.

“ಹೋಗೂ ಮುಂದ ಕಾಲಿಗೆ ಬೀಳೂದಿಲ್ಲೇನು,” ಅಂದೆ.

ಒಂದು ಸಲ ಹೇಳಿದ ಮ್ಯಾಲೆ ಹಿಂದಕ್ಕ ಬರಾಕ ಆಗಲಿಲ್ಲ. ಮುಂದ ಸಿನಿಮಾದಾಕಿ ಒಂದು ಪಡಸಾಲ್ಯಾಗ ಮಕ್ಕಳನ್ನ ಸುತ್ತ ಕುಂದ್ರಿಸಿಕೊಂಡು ಉಣ್ಣಸೂದು ಬಂತು. ಅವು ಸವತಿ ಮಕ್ಕಳು, ಈಕಿ ಅವುಗಳ ಚಾಕರಿ ಮಾಡಾಕ ಹತ್ತಿದ್ಲು. ಈಗ ಸಾಲಿ ಟೀಚರಾಗ್ಯಾಳ, ಹೊಟ್ಟಿಗೆ ಇಲ್ಲದ ಮಕ್ಕಳಿಗೆ ಊಟ ಹಾಕಿ ಅಕ್ಷರ ಕಲಸತಾಳ, ಅಂದೆ. ಒಬ್ಬ ಮುದುಕಿ ಮಾತ್ರ, ಅದ ಕಂಬ ಅದ ಪಡಸಾಲಿ ಕಂಡಂಗ ಆಗತೈತಲ್ಲಬೇ, ಅಂದ್ಲು. ಸಿನಿಮಾದವರಿಗೆ ಇರೂದು ಒಂದ ಮನಿ, ಎಲ್ಲಾದಕ್ಕೂ ಅದನ್ನ ತೋರಸತಾರ, ಅಂದುಬಿಟ್ಟೆ. ಮುದುಕಿಗೆ ಅದು ಖರೇ ಅನಸಿತು. ಕಡೀಕ ಸಿನಿಮಾದಾಕಿ ಕೆಮ್ಮಿ ಸತ್ತಾಗ, ನೋಡ್ರಿ ಊರಾಗಿನ ಮಂದಿಯೆಲ್ಲ ಟೀಚರಮ್ಮನ ಕಾಲಿಗೆ ಬೀಳಾಕ ಬಂದಾರ, ಅಂತ ಮುಗಿಸಿದೆ.

ಹೊರಗ ಬರೂ ಮುಂದ ಹೆಂಗಸರು, ಭಾಳ ದಿನದ ಮ್ಯಾಲೆ ಒಂದು ಚಲೋ ಪಿಚ್ಚರ್ ನೋಡಿದಿವಿ, ಅಂತ ಮಾತಾಡಿಕೊಂಡ್ರು. ನನಗ ಹೆಮ್ಮಿ ಆತು. ದಾರಿಗುಂಟ ಎದುರು ಮನಿಯಾಕಿ ಎರಡು ಸಲ ಆ ಹೊಂಟೆ ಅನ್ನೂ ಮಾತು ನನ್ನ ಬಾಯಿಂದ ಮತ್ತ ಹೇಳಿಸಿದ್ಲು. ನಾನೂ ಖುಷೀಲೆ ಹೇಳಿದೆ.

ಮುಂದ ಕುರುಗೋಡಿನ್ಯಾಗ ಮದುವಿ ಆತು. ಸುದ್ದಿ ನಮ್ಮನಿಯವರು ತಂದ್ರು. ಉಣ್ಣಾಕ ಕುಂತಿದ್ವಿ. ಎದುರು ಮನಿಯಾಕಿ ಕುರುಗೋಡಿಗೆ ಹೋಗಿ, ಬಂದವರೆಲ್ಲ ಭೇಷ್ ಅನ್ನೂವಂಗ ತಾನ ಮುಂದ ನಿಂತು ಹುಡುಗಿಗೆ ಸೀರಿ ಉಡಿಸಿ, ಕುಂಕುಮ ಹಚ್ಚಿ, ಗಂಡನ ಕಾಲಿಗೆ ಬಿದ್ದಾಳ. ಹಿರ್ಯಾರೆಲ್ಲ ಕಣ್ಣು ಒರಸಿಕೊಂಡಾರ. ಆಮ್ಯಾಲೆ ಎದ್ದು ನಿಂತು, ಈ ಮನಿ ನಿನಗ ಬಿಟ್ಟುಕೊಟ್ಟೀನಿ ತಂಗಿ, ಮೂಲ್ಯಾಗ ಬಿದ್ದಿರೂ ಹೆಣ್ಣು ನಾ ಅಲ್ಲ, ಅಂತ ಹೇಳಿ ಉಟ್ಟ ಸೀರಿ ಮ್ಯಾಲೆ ಹೊಂಟು ಹೋಗ್ಯಾಳ.

“ಸಿನಿಮಾದಾಕಿ ಮಾತಾಡಿದಂಗ ಮಾತಾಡಿದ್ಲಂತ ನೋಡು,” ಅಂದು ನಮ್ಮನಿಯವರು ನಕ್ರು. ನೀರು ತರತೀನಿ ಅಂತ ಎದ್ದು ಹಿತ್ತಲಕ್ಕ ಹೋದೆ. ಅಂಥಾ ಮಾತು ಆ ಸಿನಿಮಾದಾಗ ಇರಲೇ ಇಲ್ಲ ಅಂತ ಅವರಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಹೊಸ ಹೇಂತಿನ್ನ ಅದ ಎದುರು ಮನಿಗೆ ಕರಕೊಂಡು ಬಂದ್ರು. ಎಳೇ ಹುಡುಗಿ, ಪಾಪ. ಮುಂಜಾನೆ ಬಾಗಲದಾಗ ರಂಗೋಲಿ ಹಾಕೂ ಮುಂದ ನನ್ನ ನೋಡಿ ನಗತಿದ್ಲು, ನಾ ಒಳಗ ಸರೀತಿದ್ದೆ. ಟಾಕೀಜಿಗೆ ಹೋಗೂದು ಬಿಟ್ಟೆ. ಬೆಂಚಿನ ಹೆಂಗಸರು ಸಂತ್ಯಾಗ ಸಿಕ್ಕು, ಅರ್ಥ ಹೇಳಾಕಿಗೆ ಈಗ ಸೊಕ್ಕು ಬಂದೈತಿ, ಅಂತ ನನಗ ಕೇಳೂವಂಗ ಅಂದ್ರು. ಅಂದ್ರ ಅನ್ಲಿ ಅಂದುಕೊಂಡು ಸಂತಿ ಮುಗಿಸಿ ಬಂದೆ.

ಮೊದಲಿನ ಎದುರು ಮನಿಯಾಕಿ ದೇಶನೂರಿನ್ಯಾಗ ಅಣ್ಣನ ಮನ್ಯಾಗ ಇದ್ದಾಳಂತ, ಅಣ್ಣನ ಹೇಂತಿ ದನದ ಕೊಟ್ಟಿಗ್ಯಾಗ ಜಾಗ ಕೊಟ್ಟಾಳಂತ, ಮಂದಿ ಗದ್ದಿಗೆ ನಾಟಿ ಹಚ್ಚಾಕ ಹೋಗತಾಳಂತ ಅಂತ ಆಗಾಗ ಕಿವಿಗೆ ಬೀಳತಿತ್ತು. ಸಿರುಗುಪ್ಪ ನನ್ನ ತವರು. ಅಲ್ಲಿಂದ ದೇಶನೂರು ಎಷ್ಟು ದೂರ, ಕೂಗಿದ್ರ ಕೇಳತೈತಿ. ಆದ್ರೂ ತವರಿಗೆ ಹೋದಾಗೆಲ್ಲ ಒಂದು ನೆಪ. ಮಳಿ ಅಂದೆ, ಮಗನಿಗೆ ಜ್ವರ ಅಂದೆ, ಕಾಲುವಿ ತುಂಬೈತಿ ಅಂದೆ. ಹೋಗಿ ಏನಂತ ಮಾರಿ ತೋರಸಲಿ?

ಒಂದು ಸುಗ್ಗಿ ಮುಗಿದ ಮ್ಯಾಲೆ ಸಿರುಗುಪ್ಪಕ್ಕ ಟೆಂಟಿನ ಟಾಕೀಜು ಬಂತು. ಬಂಡಿ ಮ್ಯಾಲೆ ಡೋಲು ಬಡಕೊಂತ ಸಾರಿಕೊಂಡು ಹೋದ್ರು, ಅದ ಮಕ್ಕಳಿಲ್ಲದಾಕಿ ಸಿನಿಮಾ. ನಾ ಆಗ ತವರಿನ್ಯಾಗ ಇದ್ದೆ. ನಮ್ಮಮ್ಮ ಎಂದೂ ಸಿನಿಮಾ ನೋಡಿದಾಕಿ ಅಲ್ಲ, ಕರಕೊಂಡು ಹೋಗು ಅಂತ ಹಟ ಹಿಡಿದ್ಲು. ಮೊದಲ್ನೇ ಆಟಕ್ಕ ಹೋದ್ವಿ. ಹೆಂಗಸರ ಕಡಿ ಉಸುಕಿನ ಮ್ಯಾಲೆ ದೇಶನೂರಿನಿಂದ ಬಂದ ನಾಟಿ ಹೆಂಗಸರು ಕುಂತಿದ್ರು, ಅವರ ನಡುವ ಆಕಿ. ಕರ್ರಗಾಗಿದ್ಲು, ಇಳಿದು ಹೋಗಿದ್ಲು, ಕೈಯಾಗ ಬಳಿ ಅಳ್ಳಕಾಗಿ ಮೊಣಕೈ ತನಕಾ ಸರೀತಿದ್ವು. ನನ್ನ ಕಂಡಾಕಿ ಸರಿದು ಜಾಗಾ ಮಾಡಿದ್ಲು.

“ಬರ್ರಿ ಆಪಾ, ಕುಂದ್ರ್ರಿ. ಈ ಪಿಚ್ಚರಿನ ಸಂಬಂಧನ ನಾ ಬಂದೀನಿ. ಇವರಿಗೆಲ್ಲ ಅರ್ಥ ನೀವ ಹೇಳ್ರಿ,” ಅಂದ್ಲು.

ನಾ ಬಾಯಿ ತಗಿಯೂದರಾಗ ಟೆಂಟಿನವರ ಮನುಷ್ಯಾ ಒಬ್ಬ ತಗಡಿನ ತುತ್ತೂರಿ ಹಿಡಕೊಂಡು ತೆರಿ ಮಗ್ಗಲಿಗೆ ನಿಂತ. ಹಳ್ಳಿ ಮಂದಿಗೆ ಕನ್ನಡದಾಗ ಕತಿ ಹೇಳೂದು ಅವನ ಕೆಲಸ. ಕುಂಕುಮ ಹಚ್ಚೂದು ಬಂತು, ಕಾಲಿಗೆ ಬೀಳೂದು ಬಂತು. ಆಕಿ ನನ್ನ ಕಡಿ ತಿರುಗಿದ್ಲು. ತುತ್ತೂರಿಯವ ದೊಡ್ಡ ದನಿಲೆ ಹೇಳಿದ: “ನಿಮ್ಮಿಬ್ಬರ ಎಂಜಲಾ ಉಂಡು ಒಂದು ಮೂಲ್ಯಾಗ ಬಿದ್ದಿರತೀನಿ, ನನ್ನ ಹೊರಗ ಹಾಕಬ್ಯಾಡ್ರಿ ಅಂತ ಕಾಲು ಹಿಡಕೊಂಡು ಅಳಾಕ ಹತ್ಯಾಳ ತಾಯಂದಿರಾ.”

ಅಷ್ಟಕ್ಕ ಆ ರೀಲು ಮುಗೀತು. ಅವರ ಹತ್ತಿರ ಇದ್ದದ್ದು ಒಂದ ಮಶೀನು, ರೀಲು ಬದಲಿ ಮಾಡೂ ತನಕಾ ಲೈಟು ಹಚ್ಚಿದ್ರು. ಆ ಬೆಳಕಿನ್ಯಾಗ ನಾ ಬುರ್ಖಾ ಮಾರಿ ಮ್ಯಾಲೆ ಎಳಕೊಂಡೆ.

“ಖರೇನ ಹಂಗಂದ್ಲೇನು ಆಪಾ?” ಅಂದ್ಲು.

“ಹೂಂ.”

“ಹೊರಗ ಹೋಗಲೇ ಇಲ್ಲ?”

“ಇಲ್ಲ. ಈಗಿನ ಪಿಚ್ಚರಿನವರು ಹಿಂಗ ಮಾಡತಾರ, ನನಗ ತಡಕೊಳ್ಳಾಕ ಆಗಲಿಲ್ಲ. ಆಕಿ ಹಂಗ ಅಂದಿದ್ರ ಚಲೋ ಇರತಿತ್ತು ಅಂತ…” ಅಂದೆ.

ಆಕಿ ಉಸುಕಿನ್ಯಾಗ ಬೆರಳಿಲೆ ಗೀರಕೊಂತ ಕುಂತ್ಲು. ಬೈದಿದ್ರ ಬೈಸಿಕೋತಿದ್ದೆ. ಮಗ್ಗಲಿನ ಹೆಂಗಸರು ಶೇಂಗಾ ಸುಲಕೊಂಡು ಮಾತಾಡಾಕ ಹತ್ತಿದ್ರು.

“ನೀವು ಹೇಳಿದ್ದ ಚಲೋ ಇತ್ತು ಆಪಾ,” ಅಂದ್ಲು. “ಅಲ್ಲಿದ್ರೂ ಮೂಲ್ಯಾಗ ಇರತಿದ್ದೆ, ಇಲ್ಲೂ ಮೂಲ್ಯಾಗ ಅದೀನಿ. ಅದಕ್ಕೇನು ನಾ ಸಿಟ್ಟು ಮಾಡಂಗಿಲ್ಲ. ಆದ್ರ ಅವತ್ತು ಕುರುಗೋಡು ದಾಟಿ ನಡಕೊಂತ ಬಾದನಹಟ್ಟಿಗೆ ಬರೂದರಾಗ ಕತ್ತಲಾತು. ಗುರುತಿನವರು ಯಾರೂ ಇಲ್ಲ. ಊರ ಬಾಗಲದ ಅಗಸಿ ಕಟ್ಟಿ ಮ್ಯಾಲೆ ಕುಂತೆ. ಗಂಡಸರು ಬರೂದು, ದೀಪ ಎತ್ತಿ ಮಾರಿ ನೋಡೂದು, ನಕ್ಕು ಹೋಗೂದು, ಮತ್ತ ಬರೂದು. ಬೆಳಗಾಗೂ ತನಕಾ ಸೆರಗಿನ್ಯಾಗ ಕಲ್ಲು ಹಿಡಕೊಂಡು ಕುಂತಿದ್ದೆ. ಆಗ ನೀವು ಹೇಳಿದ ಕತಿನ್ನ ಮೊದಲಿಂದ ನೆನಸಿಕೊಂಡೆ. ಆಕಿ ಹೊಸ್ತಿಲಾ ದಾಟಿದ್ಲು ಅಂದ್ರಿ, ಆಮ್ಯಾಲೆ ಸಾಲಿ ಟೀಚರಾದ್ಲು ಅಂದ್ರಿ. ನಡುವ ಆ ಒಂದು ರಾತ್ರಿ ಆಕಿ ಎಲ್ಲಿ ಮಲಗಿದ್ಲು ಅಂತ ನೀವು ಹೇಳಲೇ ಇಲ್ಲಲ್ರಿ ಆಪಾ?”

ನಾ ಅದನ್ನ ಯೋಚನಿ ಮಾಡೇ ಇರಲಿಲ್ಲ.