ಹಿತ್ತಲ ಅಡುಗೆಮನೆಯ ಎತ್ತರ

ಸ್ನೇಹಿತರೇ, ಹಿತ್ತಲಲ್ಲಿ ಕಟ್ಟಿಸುತ್ತಿರುವ ಅಡುಗೆಮನೆಯನ್ನು ಜೆಸಿಬಿ ಕೆಡವಿದ ಹಾಗೆ ಕನಸು ಬಿದ್ದಿತ್ತು. ಬೆಳಿಗ್ಗೆ ನೋಡಿದರೆ ಬಾಗಿಲಲ್ಲಿ ಪುರಸಭೆಯ ಇಂಜಿನಿಯರ್. ಕಟ್ಟಡ ಮಿತಿ ಮೀರಿ ಎತ್ತರವಾಗಿದೆ ಎಂದು ಪಕ್ಕದ ಮನೆಯ ಜಯಮ್ಮಕ್ಕ ದೂರು ಕೊಟ್ಟಿದ್ದರಂತೆ. ಇಂಜಿನಿಯರ್ ಟೇಪು ಹಿಡಿದು ಅಳೆದರು. ಗೋಡೆ ಸರಿಯಾಗಿಯೇ ಇತ್ತು.

"ತುದಿ ನೋಡಿ ಸಾರ್, ಮಧುಗಿರಿ ಬೆಟ್ಟಕ್ಕೇ ಸಮ ನಿಂತೈತೆ" ಎಂದು ಜಯಮ್ಮಕ್ಕ ಮೇಲೆ ಬೆರಳು ತೋರಿಸಿದರು. ಅಲ್ಲಿದ್ದದ್ದು ಬಿದಿರಿನ ಗಳಕ್ಕೆ ನಾನು ಕಟ್ಟಿಸಿದ್ದ ದೃಷ್ಟಿಗೊಂಬೆ.

"ಗೊಂಬೆಗೆ ಲೈಸೆನ್ಸ್ ಬೇಕಿಲ್ಲ ಕಣಮ್ಮ" ಎಂದರು ಇಂಜಿನಿಯರ್.

"ಯಾರ ಕಣ್ಣು ಬೀಳ್ತದೆ ಅಂತ ಅಷ್ಟೆತ್ತರಕ್ಕೆ ಕಟ್ಸಿದೀಯೆ ನೀನು?" ಎಂದು ಜಯಮ್ಮಕ್ಕ ನನ್ನತ್ತ ತಿರುಗಿದರು.

"ನಿಂದೇ ಕಣಕ್ಕ" ಎಂದುಬಿಟ್ಟೆ. ಜಯಮ್ಮಕ್ಕನಿಗೂ ನಗು ತಡೆಯಲಾಗಲಿಲ್ಲ.

ಹೊರಡುವಾಗ ಇಂಜಿನಿಯರ್, ಮೇಲಿಡುವ ನೀರಿನ ಟ್ಯಾಂಕೂ ಎತ್ತರದ ಲೆಕ್ಕಕ್ಕಿಲ್ಲ ಎಂದರು. ಆದರೆ ಆಗ ಅವರೂ ನಗುತ್ತಿದ್ದರು. ಗೊತ್ತಿರುವವರು ಅದೊಂದನ್ನು ಇನ್ನೊಮ್ಮೆ ವಿಚಾರಿಸಿ ಹೇಳಿ.