ಸೇವಾರ್ಥ: ಮಂಜುನಾಥ, ಹನುಮಂತನಗರ

ಇವತ್ತು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಯಾವುದೋ ಗುಂಪಿನಿಂದ ಫೋನಿಗೊಂದು ಹಾಡು ಬಂತು. ಶುಭೋದಯದ ಹೂವುಗಳ ಜೊತೆ ಅದನ್ನೂ ಅಳಿಸುವವನಿದ್ದೆ. ಅಷ್ಟರಲ್ಲಿ ಅದರ ಹೆಸರು ಕಣ್ಣಿಗೆ ಬಿತ್ತು: 'ಆರತಿ ಹಾಡು, ಸೇವಾರ್ಥ: ಮಂಜುನಾಥ, ಹನುಮಂತನಗರ'. ಲೋಟ ಕೆಳಗಿಟ್ಟು ಒಬ್ಬನೇ ನಕ್ಕೆ.

ನಮ್ಮ ಬಸವನಗುಡಿ ಕಡೆಯ ದೇವಸ್ಥಾನಗಳನ್ನು ನೀವು ನೋಡಿಯೇ ಇರುತ್ತೀರಿ. ಟ್ಯೂಬ್‌ಲೈಟ್ ಕೊಟ್ಟವರು ಅದರ ಮೇಲೆ ತಮ್ಮ ಹೆಸರನ್ನು ಎಷ್ಟು ದಪ್ಪಗೆ ಬರೆಸುತ್ತಾರೆಂದರೆ ಬೆಳಕು ಹೊರಗೆ ಬರಲು ಜಾಗ ಹುಡುಕಬೇಕು. ನನ್ನ ಕಾಲೇಜು ಗೆಳೆಯ ಮಂಜನೂ ಅದೇ ಪೈಕಿ. ನಾವು ಓದುತ್ತಿದ್ದಾಗ ಚಾಮರಾಜಪೇಟೆಯ ಶಾರದಮ್ಮ ಎಂಬವರು ಮದುವೆಯ ಆರತಿ, ಉರುಟಣೆ ಹಾಡುಗಳನ್ನು ಹಾಡಿ, ಸ್ವಂತ ಖರ್ಚಿನಲ್ಲಿ ಸಿ.ಡಿ. ಮಾಡಿಸಿದ್ದರು. ಮಂಜ ಅದನ್ನು ಕಾಲೇಜಿನ ಕಂಪ್ಯೂಟರಿಗೆ ಹಾಕಿ, ಒಂದೊಂದು ಹಾಡಿಗೂ ತನ್ನ ಹೆಸರು ಅಂಟಿಸಿ, ಕೇಳಿದವರ ಪೆನ್‌ಡ್ರೈವ್‌ಗಳಿಗೆಲ್ಲ ಧಾರಾಳವಾಗಿ ತುಂಬಿಸಿದ. ಮದುವೆ ಗೊತ್ತಾದ ಮನೆಗಳ ಅಮ್ಮಂದಿರಿಗೆ ಅವನೆಂದರೆ ಪ್ರಾಣ. ಕೊನೆಗೊಂದು ಮದುವೆಮನೆಯಲ್ಲಿ ಶಾರದಮ್ಮನಿಗೇ ತಮ್ಮ ದನಿ ಕೇಳಿಸಿತು. ಲ್ಯಾಪ್‌ಟಾಪ್ ಪರದೆಯ ಮೇಲೆ ಮಂಜನ ಹೆಸರು ಮೆರೆಯುತ್ತಿತ್ತು. ಕದ್ದ ಮಾಲಿನ ಮೇಲೆ ಹೆಸರು, ಬಡಾವಣೆ ಬರೆದಿಟ್ಟ ಕಳ್ಳ ಅವನೊಬ್ಬನೇ ಇರಬೇಕು. ವಕೀಲರ ನೋಟೀಸು ಸಲೀಸಾಗಿ ಮನೆ ಸೇರಿತು.

ರಾಜಿ ನಡೆದದ್ದು ಆ ವಕೀಲರ ವರಾಂಡದಲ್ಲಿ. ಇದು ಬಗೆಹರಿಯದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಗುಡುಗಿದ್ದರಿಂದ ಮಂಜನ ಮುಖ ಬಾಡಿತ್ತು. ಸಾಕ್ಷಿಗೆ ನಾನು.

"ದಂಡ ಗಿಂಡ ಬೇಡ ವಕೀಲ್ರೇ, ಓದೋ ಹುಡುಗ," ಎಂದರು ಶಾರದಮ್ಮ. ಮಂಜನ ಕಡೆ ತಿರುಗಿ, "ಎಲ್ಲಾ ಕಡೆ ಅಳಿಸ್ಬಿಡಪ್ಪ. ರಾಮನವಮಿ ಸಂಗೀತ ಕಚೇರಿಗಳಲ್ಲಿ ನನ್ನ ಸಿ.ಡಿ. ಮಾರ್ಕೊಡು. ಬರ್ಕೊಡ್ತೀಯಾ?" ಎಂದು ಕೇಳಿದರು.

"ಬರ್ಕೊಡ್ತೀನಮ್ಮಾ."

ಕಚೇರಿಯ ಚಪ್ಪರದಲ್ಲಿ ಅವನು ಮಾರಿದ ಸಿ.ಡಿ.ಗಿಂತ ತಿಂದ ಕೋಸಂಬರಿಯೇ ಜಾಸ್ತಿ. ನಾನೂ ದಿನಾ ಹೋಗಿ ಪಾನಕ ಕುಡಿದು, ಅವನಿಗೆ ಧೈರ್ಯ ಹೇಳಿ ಬರುತ್ತಿದ್ದೆ.

ಇವತ್ತು ಹಾಡಿನ ಜೊತೆ ಶಾರದಮ್ಮನ ನಂಬರೂ ನಾಲ್ಕು ಮಾತೂ ಇದ್ದವು. ಗಂಟಲಿನ ಆಪರೇಷನ್ ಆದಮೇಲೆ ಅವರು ಹಾಡುವುದಿಲ್ಲ. ಮನೆಗೆ ನೀರು ನುಗ್ಗಿ ಸಿ.ಡಿ.ಗಳೆಲ್ಲ ಹಾಳಾಗಿವೆ. ಸಿಕ್ಕಿದ್ದು ಇದೊಂದೇ ಹಾಡು. ಉಳಿದವು ಯಾರ ಹತ್ತಿರವಾದರೂ ಇದ್ದರೆ ಕಳಿಸಬೇಕಂತೆ.

ತಕ್ಷಣ ಮಂಜನಿಗೆ ಫೋನ್ ಮಾಡಿದೆ. "ಮಗಾ, ಆ ಹಾಡುಗಳು ಇಟ್ಕೊಂಡಿದ್ಯಾ?"

"ಇಲ್ಲ ಕಣೋ. ಬರ್ಕೊಟ್ಟಿದ್ನಲ್ಲ, ಒಬ್ಬೊಬ್ರ ಮನೆಗೂ ಹೋಗಿ ಅಳಿಸ್ದೆ."

ಜನ್ಮದಲ್ಲಿ ಒಂದೇ ಒಂದು ಕೆಲಸವನ್ನು ಅವನು ಅಚ್ಚುಕಟ್ಟಾಗಿ ಮಾಡಿದ್ದ; ಅದು ಇದೇ ಆಗಬೇಕಿತ್ತೆ? ಶಾರದಮ್ಮನನ್ನೂ ಫೋನಿಗೆ ಸೇರಿಸಿಕೊಂಡು ವಿಷಯ ಹೇಳಿದೆವು. ಅವರ ದನಿ ಒಡೆದಿತ್ತು.

"ಅಯ್ಯೋ ಪೆದ್ದೇ, ಬರ್ಕೊಟ್ಟೋರೆಲ್ಲ ಹಾಗೇ ನಡ್ಕೋತಾರೇನೋ?" ಎಂದು ನಕ್ಕರು. ನಗುತ್ತಲೇ ಕೆಮ್ಮು ಬಂತು.

ಬಂದದ್ದನ್ನೆಲ್ಲ ಊರಿಗೆ ಹಂಚುವವರನ್ನು ಕಂಡರೆ ನನಗೆ ಆಗುವುದಿಲ್ಲ. ಈಗ ಕಾಫಿ ಆರಿಹೋಗಿದೆ, ನಾನು ಸಿಕ್ಕಸಿಕ್ಕ ಗುಂಪಿಗೆಲ್ಲ ಆ ಹಾಡು ಕಳಿಸುತ್ತ ಕೂತಿದ್ದೇನೆ. ಮಂಜನ ಹೆಸರನ್ನು ಹಾಗೇ ಬಿಟ್ಟಿದ್ದೇನೆ, ಹುಡುಕಲು ಇರುವುದು ಅದೊಂದೇ ಗುರುತು. ನಿಮ್ಮ ಮನೆಯ ಹಳೇ ಪೆನ್‌ಡ್ರೈವನ್ನೂ ಒಮ್ಮೆ ನೋಡಿ. ಮಂಜ ಬಂದು ಅಳಿಸುವಾಗ, ನಿಮ್ಮಮ್ಮ ಒಂದನ್ನು ಮುಚ್ಚಿಟ್ಟಿದ್ದರೂ ಇಟ್ಟಿರಬಹುದು.